ಪಾಸಾವ್‌ನಿಂದ ವಿಯೆನ್ನಾಗೆ ಸೈಕಲ್ಲಿನಲ್ಲಿ: ಡ್ಯಾನ್ಯೂಬ್ ದಾರಿ ಹೇಗಿದೆ, ಎಲ್ಲಿ ಯಾವ ದಂಡೆ ಹಿಡಿಯಬೇಕು

ಜರ್ಮನಿಯ ಪಾಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗಿನ ಡ್ಯಾನ್ಯೂಬ್ ಸೈಕಲ್ ದಾರಿಯನ್ನು ಹೊಗಳದವರು ಕಡಿಮೆ. ಹೊಗಳಿಕೆ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ನೀವು ಯಾವ ಜಾಗದಲ್ಲಿ ಯಾವ ದಂಡೆಯಲ್ಲಿದ್ದೀರಿ ಎನ್ನುವುದರ ಮೇಲೆ ನಿಂತಿದೆ. ಸುಮಾರು 320ರಿಂದ 330 ಕಿ.ಮೀ. ಉದ್ದದ ಈ ದಾರಿ ಬಹುಪಾಲು ಹೊಳೆಯ ಎರಡೂ ಕಡೆ ಇದೆ. ಒಂದು ದಂಡೆಯಲ್ಲಿ ಚೈನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸದು, ಅದೇ ಹೊತ್ತಿಗೆ ಆಚೆ ದಂಡೆಯವರು ಲಾರಿಗಳ ಪಕ್ಕದಲ್ಲಿ ಹಲ್ಲು ಕಚ್ಚಿಕೊಂಡು ತುಳಿಯುತ್ತಿರುತ್ತಾರೆ. ಫಲಕಗಳೋ ಎರಡೂ ಕಡೆ ಒಂದೇ ನಗುಮುಖದಿಂದ ನಿಂತಿರುತ್ತವೆ, ಯಾವುದು ಒಳ್ಳೆಯದು ಎಂದು ಹೇಳುವುದಿಲ್ಲ. ಅದನ್ನು ಹೇಳುವುದೇ ಈ ವಿಮರ್ಶೆಯ ಮುಖ್ಯ ಕೆಲಸ.

ದಾರಿ ಇಷ್ಟು ಸಮತಟ್ಟಾಗಿರಲು ಕಾರಣ ಕುದುರೆಗಳು. ಇಂಜಿನ್ ಬರುವ ಮೊದಲು ಸರಕಿನ ದೋಣಿಗಳನ್ನು ಹೊಳೆಯ ಮೇಲ್ಮುಖವಾಗಿ ಹಗ್ಗ ಕಟ್ಟಿ ಕುದುರೆಗಳಿಂದ ಎಳೆಸುತ್ತಿದ್ದರು. ಅವು ನಡೆಯಲೆಂದು ನೀರಿನ ಅಂಚಿಗೇ ಮಾಡಿದ ಹಾದಿ ಇಂದು ಸೈಕಲ್ಲಿನ ಡಾಂಬರು ದಾರಿಯಾಗಿದೆ. ಕೆಲವು ಕಡೆ ಜಲವಿದ್ಯುತ್ ಅಣೆಕಟ್ಟುಗಳ ಏರಿಯ ಮೇಲಿನ ರಸ್ತೆಯೇ ದಾರಿ. ಪಾಸಾವ್‌ನಿಂದ ವಿಯೆನ್ನಾಗೆ ಹೊಳೆ ಇಳಿಯುವುದು ಸುಮಾರು 140 ಮೀಟರ್ ಅಷ್ಟೇ. ಹಾಗಾಗಿ "ಇಡೀ ದಾರಿ ಇಳಿಜಾರು" ಎಂಬ ಜಾಹೀರಾತಿನ ಮಾತನ್ನು ನಂಬಬೇಡಿ. 300ಕ್ಕೂ ಹೆಚ್ಚು ಕಿ.ಮೀ.ಗೆ ಹಂಚಿದರೆ ಆ ಇಳಿಜಾರು ಕಾಲಿಗೆ ತಿಳಿಯುವುದೇ ಇಲ್ಲ. ನಿಜವಾಗಿ ನೆರವಾಗುವುದು ಗಾಳಿ. ಇಲ್ಲಿ ಅದು ಹೆಚ್ಚಾಗಿ ಪಡುವಣದಿಂದ ಬೀಸುತ್ತದೆ. ವಿಯೆನ್ನಾದಿಂದ ಪಾಸಾವ್‌ಗೆ ಹೋಗುವ ಯೋಚನೆಯಿದ್ದರೆ ಬಿಟ್ಟುಬಿಡಿ, ಎದುರುಗಾಳಿಯ ದಿನ ಸಮತಟ್ಟು ನೆಲವೂ ಘಾಟಿಯಾಗುತ್ತದೆ.

ಪಾಸಾವ್‌ನಲ್ಲಿ ಮೂರು ಹೊಳೆ ಕೂಡುತ್ತವೆ: ಡ್ಯಾನ್ಯೂಬ್, ಇನ್, ಇಲ್ಟ್ಸ್. ನಮ್ಮ ತಿರುಮಕೂಡಲಿನಲ್ಲಿ ಮೂರನೆಯದು ಕಣ್ಣಿಗೆ ಕಾಣದು, ನಂಬಿಕೆಯ ಮೇಲೆ ಕೈ ಮುಗಿಯಬೇಕು. ಇಲ್ಲಿ ಮೂರೂ ಕಾಣುತ್ತವೆ, ಅದೂ ಬೇರೆ ಬೇರೆ ಬಣ್ಣದಲ್ಲಿ. ಆಲ್ಪ್ಸ್‌ನಿಂದ ಬರುವ ಇನ್ ಹಾಲು ಬೆರೆಸಿದ ಹಸಿರು, ಇಲ್ಟ್ಸ್ ಕಪ್ಪು, ಡ್ಯಾನ್ಯೂಬ್ ಕಂದು. ಹಳೆ ಊರಿನ ತುದಿಯಿಂದ ನೋಡಿದರೆ ಒಂದಷ್ಟು ದೂರ ಮೂರೂ ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುತ್ತವೆ. 2013ರ ಜೂನ್‌ನಲ್ಲಿ ಇಲ್ಲಿ ನೀರು 12.89 ಮೀಟರಿಗೆ ಏರಿತ್ತು, 1501ರ ನಂತರ ಅಷ್ಟು ಎತ್ತರಕ್ಕೆ ಬಂದಿರಲಿಲ್ಲ. ಪುರಭವನದ ಗೋಡೆಯ ಮೇಲೆ ಹಳೆಯ ನೆರೆಗಳ ಗುರುತುಗಳಿವೆ. ಕೈ ಎತ್ತಿದರೂ ಮುಟ್ಟಲಾಗದಷ್ಟು ಮೇಲಿರುವ ಗೆರೆಗಳನ್ನು ಹೊರಡುವ ಮುನ್ನ ಒಮ್ಮೆ ನೋಡಿ. ಮುಂದೆ ಎಲ್ಲಾದರೂ "ದಾರಿ ಬಂದ್" ಎಂಬ ಹಲಗೆ ಕಂಡಾಗ ಕಾರಣ ಕೇಳಬೇಕಾಗುವುದಿಲ್ಲ. ಮ್ಯೂನಿಕ್ ಕಡೆಯ ಕನ್ನಡಿಗರಿಗೆ ಇದು ಪ್ರಾದೇಶಿಕ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆಯ ದೂರ. ಮಂದಿಗೆ ಇರುವ ಟಿಕೆಟ್ ಸೈಕಲ್ಲಿಗೆ ಆಗುವುದಿಲ್ಲ, ಅದಕ್ಕೆ ಬೇರೆ ತೆಗೆದುಕೊಳ್ಳಬೇಕು.

ಇನ್ನು ಬಾಡಿಗೆ ಸೈಕಲ್. ಪಾಸಾವ್‌ನಲ್ಲಿ ತೆಗೆದುಕೊಂಡು ವಿಯೆನ್ನಾದಲ್ಲಿ ಬಿಡುವ ವ್ಯವಸ್ಥೆ ಸಿಗುತ್ತದೆ. ಕೊಡುವುದು ಸಾಮಾನ್ಯವಾಗಿ ಹಿಂದಿನ ಚಕ್ರದ ನಡುವಿನ ಗುಂಬದೊಳಗೇ (ಹಬ್) 7 ಅಥವಾ 8 ಗೇರ್ ಇರುವ, ಮಡ್‌ಗಾರ್ಡು, ಕ್ಯಾರಿಯರ್, ಡೈನಮೋ ದೀಪ ಎಲ್ಲ ಇರುವ ಗಟ್ಟಿ ಗಾಡಿ. ಈ ದಾರಿಗೆ ಅದು ಸಾಕು, ಎಲೆಕ್ಟ್ರಿಕ್ ಬೇಕೇ ಬೇಕು ಎನ್ನುವ ಏರು ಎಲ್ಲೂ ಇಲ್ಲ. ಆದರೆ ನಮ್ಮವರು ಎಡವುವುದು ಪೆಡಲ್ ಬ್ರೇಕಿನಲ್ಲಿ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ಹಿಡಿದುಕೊಳ್ಳುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ ಕಾಲಿಗೆ ಅನುಕೂಲವಾಗುವ ಎತ್ತರಕ್ಕೆ ತರುವ ನಮ್ಮ ಅಭ್ಯಾಸ ಇಲ್ಲಿ ನಡೆಯದು. ನಿಲ್ಲುವ ಮೊದಲೇ, ಚಕ್ರ ಉರುಳುತ್ತಿರುವಾಗಲೇ ಒಂದು ಪೆಡಲ್ ಮೇಲೆ ಬರುವಂತೆ ನೋಡಿಕೊಳ್ಳಬೇಕು. ಮರೆತರೆ ಹಿಂದಿನ ಚಕ್ರವನ್ನು ಚೂರು ಎತ್ತಿ ಪೆಡಲನ್ನು ಮುಂದಕ್ಕೆ ತಿರುಗಿಸಿ. ಪೆಡಲ್ ಬ್ರೇಕ್ ಬೇಡವೆಂದರೆ ಬುಕ್ ಮಾಡುವಾಗಲೇ ಹೇಳಿ, ಅದಿಲ್ಲದ ಗಾಡಿಯೂ ಇರುತ್ತದೆ. ಎರಡೂ ಕೈಬ್ರೇಕ್ ಇರುವ ಗಾಡಿಯಾದರೆ ಬಲಗೈಯದು ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ, ಎಡಗೈಯದು ಮುಂದಿನದಕ್ಕೆ. ಅಂಗಡಿ ಬಿಡುವ ಮೊದಲೇ ಎರಡೂ ಹಿಡಿದು ನೋಡಿ.

ವಾಲ್ವ್ ನೋಡಿದರೆ ಮಾತ್ರ ಮನೆಯ ನೆನಪಾಗುತ್ತದೆ. ಊರಿನ ಹಳೆ ಅಟ್ಲಾಸ್, ಹೀರೋ ಸೈಕಲ್ಲುಗಳ ಡನ್‌ಲಪ್ ವಾಲ್ವ್ ಇಲ್ಲಿನ ಬಾಡಿಗೆ ಗಾಡಿಗಳಲ್ಲಿ ಇನ್ನೂ ಇದೆ. ವ್ಯತ್ಯಾಸವೆಂದರೆ ಒಳಗೆ ರಬ್ಬರಿನ ವಾಲ್ವ್ ಟ್ಯೂಬ್ ಬದಲು ಚಿಕ್ಕ ಗುಂಡು ಇರುತ್ತದೆ. ಸಪೂರ ಪ್ರೆಸ್ಟಾ ವಾಲ್ವಿನ ಪಂಪು ಇದಕ್ಕೂ ಕೂರುತ್ತದೆ. ಕಾರಿನ ಪಂಪು ಕೂರುವುದಿಲ್ಲ, ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕಿಸಿಕೊಳ್ಳುತ್ತೇನೆ ಎಂದುಕೊಂಡು ಹೋಗಬೇಡಿ. 37ರಿಂದ 40 ಮಿ.ಮೀ. ಟಯರಿಗೆ, ಬ್ಯಾಗು ಹೇರಿದ್ದರೆ 4ರಿಂದ 4.5 ಬಾರ್ ಗಾಳಿ ಸರಿ. ಟಯರಿನ ಪಕ್ಕೆಯಲ್ಲಿ ಮಿತಿ ಅಚ್ಚಾಗಿರುತ್ತದೆ, ಅದನ್ನು ದಾಟಬೇಡಿ.

ಹಿಂದಿನ ಚಕ್ರ ಪಂಚರ್ ಆದರೆ ಹಬ್ ಗೇರಿನ ಗಾಡಿಯಲ್ಲಿ ಚಕ್ರ ಬಿಚ್ಚುವುದು ದೊಡ್ಡ ರಾಮಾಯಣ: ಎರಡು ಆಕ್ಸಲ್ ನಟ್ಟಿಗೆ 15 ಮಿ.ಮೀ. ಸ್ಪ್ಯಾನರ್, ಪೆಡಲ್ ಬ್ರೇಕಿನ ತೋಳನ್ನು ಫ್ರೇಮಿಗೆ ಬಿಗಿದ ಬೋಲ್ಟಿಗೆ ಇನ್ನೊಂದು, ಮೇಲೆ ಗೇರ್ ಕೇಬಲ್ ಬೇರೆ. ಕೇಬಲ್ ಮತ್ತೆ ಸಿಕ್ಕಿಸುವಾಗ ಸ್ವಲ್ಪ ತಪ್ಪಿದರೂ ಗೇರ್ ಜಾರುತ್ತದೆ. ಊರ ಪಂಚರ್ ಅಂಗಡಿಯವರ ವಿದ್ಯೆಯೇ ಇಲ್ಲಿ ಮೇಲು. ಚಕ್ರ ಬಿಚ್ಚದೆ, ಸೈಕಲ್ಲನ್ನು ತಲೆಕೆಳಗು ಮಾಡಿ, ಟಯರಿನ ಒಂದೇ ಅಂಚನ್ನು ಎತ್ತಿ, ಟ್ಯೂಬ್ ಹೊರಗೆಳೆದು, ನೀರಿಗೆ ಹಿಡಿದು, ಪ್ಯಾಚ್ ಹಾಕಿ ಒಳಗೆ ತಳ್ಳುವುದು. ನೀರಿಗೇನೂ ಬರವಿಲ್ಲ, ಪಕ್ಕದಲ್ಲೇ ಹೊಳೆ. ಟ್ಯೂಬ್ ಒಳಗೆ ಹಾಕುವ ಮೊದಲು ಟಯರಿನ ಒಳಮೈಯಲ್ಲಿ ಬೆರಳಾಡಿಸಿ ಗಾಜಿನ ಚೂರು ತೆಗೆಯಿರಿ. ಇಲ್ಲವಾದರೆ ಹತ್ತು ನಿಮಿಷದಲ್ಲಿ ಅದೇ ಜಾಗದಲ್ಲಿ ಮತ್ತೆ ಕೂರಬೇಕು.

ಈಗ ದಂಡೆಯ ವಿಚಾರ. ಪಾಸಾವ್ ಬಿಟ್ಟ ಮೊದಲ ಕೆಲವು ಕಿ.ಮೀ. ಯಾವ ಕಡೆ ಹೋದರೂ ಪಕ್ಕದಲ್ಲಿ ರಸ್ತೆ ಇದೆ, ಸೈಕಲ್ ದಾರಿ ಅದರಿಂದ ಬೇರೆಯಾಗಿ ಸಾಗುತ್ತದೆ. ಉತ್ತರ ದಂಡೆ ಹಿಡಿಯಿರಿ. ಗಡಿಯ ಯೋಖೆನ್‌ಸ್ಟೈನ್ ವಿದ್ಯುದಾಗಾರ ದಾಟಿದ ಮೇಲೆ ಈ ಕಡೆ ಕಾರುಗಳೇ ಇಲ್ಲ. ಒಂದು ಕಡೆ ಕಡಿದಾದ ಕಾಡು, ಇನ್ನೊಂದು ಕಡೆ ನೀರು, ನಡುವೆ ಎರಡು ಸೈಕಲ್ ಅಗಲದ ಡಾಂಬರು. ಮೊದಲ ದಿನವೇ ದಾರಿ ತನ್ನ ಅತ್ಯುತ್ತಮವನ್ನು ಕೊಟ್ಟುಬಿಡುತ್ತದೆ.

ಪಾಸಾವ್‌ನಿಂದ ಸುಮಾರು 40 ಕಿ.ಮೀ. ದೂರದಲ್ಲಿ ಶ್ಲೋಗನ್ ತಿರುವು. ಗಟ್ಟಿ ಬಂಡೆಗೆ ಎದುರಾದ ಹೊಳೆ ಹಿಂದಿರುಗಿ ನೋಡಿದಂತೆ ಪೂರ್ತಿ ಹೊರಳಿಕೊಳ್ಳುವ ಜಾಗ ಇದು. ಉತ್ತರ ದಂಡೆಯ ಆವ್ ಎಂಬಲ್ಲಿ ದಾರಿ ಮುಗಿಯುತ್ತದೆ, ಮುಂದೆ ಬಂಡೆ ನೇರ ನೀರಿಗಿಳಿದಿದೆ. ಇಲ್ಲಿ ಎರಡು ಬಗೆಯ ದೋಣಿಗಳಿವೆ, ಬಂದವರು ಗೊಂದಲಗೊಳ್ಳುವುದು ಇಲ್ಲೇ. ಒಂದು ಹೊಳೆಯನ್ನು ಅಡ್ಡ ದಾಟಿಸಿ ದಕ್ಷಿಣದ ಶ್ಲೋಗನ್‌ಗೆ ಬಿಡುತ್ತದೆ. ಇನ್ನೊಂದು ಅಡ್ಡ ಹೋಗದೆ ಹೊಳೆಯ ಉದ್ದಕ್ಕೂ ಸಾಗಿ, ದಾರಿಯಿಲ್ಲದ ತುಂಡನ್ನು ದಾಟಿಸಿ, ಅದೇ ಉತ್ತರ ದಂಡೆಯ ಗ್ರಾಫೆನಾವ್‌ನಲ್ಲಿ ಇಳಿಸುತ್ತದೆ. ಎರಡನೆಯದು ಹಿಡಿದರೆ ತಿರುವನ್ನು ನೀರಿನ ಮೇಲಿಂದ ನೋಡಬಹುದು, ಆದರೆ ಮುಂದೆ ಓಬರ್‌ಮ್ಯೂಲ್‌ನಲ್ಲಿ ಮತ್ತೊಂದು ದೋಣಿ ಹಿಡಿದು ದಕ್ಷಿಣಕ್ಕೆ ಬರಬೇಕು. ಎರಡರಲ್ಲಿ ಒಂದು ತಪ್ಪಿದರೂ ಸಂಜೆ ಕೆಡುತ್ತದೆ. ಶ್ಲೋಗನ್‌ಗೆ ದಾಟಿ ದಕ್ಷಿಣ ದಂಡೆಯಲ್ಲೇ ಆಷಾಖ್‌ವರೆಗೆ ಹೋಗುವುದು ಜಾಣತನ, ಅಲ್ಲಿಯೂ ಕಾರುಗಳ ಕಾಟ ಬಹಳ ಕಡಿಮೆ. ಶ್ಲೋಗನ್‌ನಲ್ಲಿ ಸೈಕಲ್ ಕೆಳಗೆ ಬೀಗ ಹಾಕಿ ನಿಲ್ಲಿಸಿ, ಅರ್ಧ ಗಂಟೆ ಗುಡ್ಡ ಹತ್ತಿದರೆ ಪೋಸ್ಟ್‌ಕಾರ್ಡುಗಳಲ್ಲಿ ಕಾಣುವ ನೋಟ ಸಿಗುತ್ತದೆ. ಸೈಕಲ್ ಚಪ್ಪಲಿಯಲ್ಲಿ ಹತ್ತಬೇಡಿ, ಬೇರುಗಳು ತುಂಬಿದ ಕಾಡುಹಾದಿ ಅದು.

ದೋಣಿಗಳ ಬಗ್ಗೆ ಒಂದು ಮಾತು. ಸುಮಾರು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೆಚ್ಚಿಕೊಳ್ಳಬಹುದು. ಆಚೀಚೆಯ ತಿಂಗಳುಗಳಲ್ಲಿ ಕೆಲವು ವಾರಾಂತ್ಯದಲ್ಲಿ ಮಾತ್ರ ಇರುತ್ತವೆ, ಕೆಲವು ಇರುವುದೇ ಇಲ್ಲ. ಸಂಜೆ ಬೇಗ ನಿಲ್ಲುತ್ತವೆ. ಕೈಯಲ್ಲಿ ಚಿಲ್ಲರೆ ಯೂರೋ ಇರಲಿ, ಎಲ್ಲರೂ ಕಾರ್ಡು ತೆಗೆದುಕೊಳ್ಳುವುದಿಲ್ಲ.

ಆಷಾಖ್ ದಾಟಿದ ಮೇಲೆ ಸಿಗುವ, ಉತ್ತರ ದಂಡೆಯ ಒಟೆನ್ಸ್‌ಹೈಮ್ ಮತ್ತು ದಕ್ಷಿಣದ ವಿಲ್ಹೆರಿಂಗ್ ನಡುವಿನ ದೋಣಿಯಂತೂ ನೋಡುವಂಥದ್ದು. ಅದನ್ನು ದಾಟಿಸುವುದು ಇಂಜಿನ್ ಅಲ್ಲ, ಹೊಳೆಯೇ. ಎರಡು ದಂಡೆಗಳ ನಡುವೆ ತಲೆಯ ಮೇಲೆ ಉಕ್ಕಿನ ಹಗ್ಗ ಕಟ್ಟಿದ್ದಾರೆ. ಅದರ ಮೇಲೆ ಓಡುವ ರಾಟೆಗೆ ದೋಣಿಯನ್ನು ಕಟ್ಟಿದ್ದಾರೆ. ನಾವಿಕ ಚುಕ್ಕಾಣಿ ತಿರುಗಿಸಿ ದೋಣಿಯನ್ನು ಪ್ರವಾಹಕ್ಕೆ ಓರೆಯಾಗಿ ನಿಲ್ಲಿಸುತ್ತಾನೆ. ನೀರು ಓರೆ ಪಕ್ಕೆಯನ್ನು ತಳ್ಳುತ್ತದೆ, ಕೆಳಕ್ಕೆ ತೇಲಿಹೋಗಲು ಹಗ್ಗ ಬಿಡುವುದಿಲ್ಲ, ಹಾಗಾಗಿ ಹೋಗಲು ಉಳಿದ ದಿಕ್ಕು ಒಂದೇ, ಅಡ್ಡಕ್ಕೆ. ವಾಪಸು ಬರಲು ಓರೆಯನ್ನು ಇನ್ನೊಂದು ಕಡೆಗೆ ತಿರುಗಿಸಿದರಾಯಿತು. ಹುಟ್ಟು ಹಾಕಿ ಹರಿಗೋಲು ನಡೆಸುವುದನ್ನು ಕಂಡವರಿಗೆ ಇದು ನಿದ್ದೆಯಲ್ಲಿ ದಾಟಿದಂತೆ ಅನಿಸುತ್ತದೆ, ಅಷ್ಟು ನಿಶ್ಶಬ್ದ. ಮುಂದೆ ವಾಖಾವ್ ಕಣಿವೆಯಲ್ಲೂ ಇಂಥವೇ ಸಿಗುತ್ತವೆ. ನೆರೆ ಬಂದರೆ ಮೊದಲು ನಿಲ್ಲುವುದೂ ಇವೇ.

ಇಡೀ ದಾರಿಯ ಕೆಟ್ಟ ತುಂಡು ಇದರ ಬೆನ್ನಿಗೇ ಇದೆ. ಒಟೆನ್ಸ್‌ಹೈಮ್‌ನಿಂದ ಲಿಂಟ್ಸ್‌ವರೆಗೆ ಸೈಕಲ್ ದಾರಿ ದಟ್ಟ ವಾಹನಗಳ ರಸ್ತೆಗೆ ಅಂಟಿಕೊಂಡೇ ಸಾಗುತ್ತದೆ. ದಕ್ಷಿಣದ ಕಡೆ ಇನ್ನೂ ಇಕ್ಕಟ್ಟು. ಅಪಾಯವೇನಿಲ್ಲ, ಆದರೆ ದಿನವಿಡೀ ಮೌನದಲ್ಲಿ ಬಂದ ಕಿವಿಗೆ ಹಿಂಸೆ. ಒಟೆನ್ಸ್‌ಹೈಮ್‌ನಿಂದ ಲಿಂಟ್ಸ್‌ನ ಉತ್ತರ ಭಾಗಕ್ಕೆ ಸಣ್ಣ ರೈಲಿದೆ, ಹತ್ತಿಬಿಡಿ. ಪೂರ್ತಿ ದೂರ ತುಳಿದೇ ಹೋದೆ ಎಂಬ ಹೆಮ್ಮೆ ಇದಕ್ಕಿಂತ ಚೆನ್ನಾಗಿರುವ ಬೇರೆ ಕಡೆ ಇಟ್ಟುಕೊಳ್ಳಬಹುದು.

ಲಿಂಟ್ಸ್ ನಂತರ ಉತ್ತರ ದಂಡೆಯ ಏರಿ. ಮೊದಲಿಗೆ ಆಚೆ ಕಡೆ ಉಕ್ಕಿನ ಕಾರ್ಖಾನೆ, ಆಮೇಲೆ ಬಯಲು. ಮೌಥೌಸೆನ್ ಊರಿನ ಮೇಲಿನ ಗುಡ್ಡದಲ್ಲಿ ನಾಜಿಗಳ ಸೆರೆಶಿಬಿರದ ಸ್ಮಾರಕವಿದೆ. 1938ರಿಂದ 1945ರವರೆಗೆ ಇಲ್ಲಿ ಮತ್ತು ಇದರ ಉಪಶಿಬಿರಗಳಲ್ಲಿ ಸುಮಾರು 1,90,000 ಮಂದಿಯನ್ನು ಕೂಡಿಹಾಕಿದ್ದರು, ಕನಿಷ್ಠ 90,000 ಮಂದಿ ಸತ್ತರು. ಕಲ್ಲುಕ್ವಾರಿಯ 186 ಮೆಟ್ಟಿಲಿನ ಮೇಲೆ ಬಂಡೆ ಹೊರಿಸಿ ಹತ್ತಿಸುತ್ತಿದ್ದರು. ಅಲ್ಲಿಗೆ ಕಡಿದಾದ ಏರು, ಸೈಕಲ್ ತಳ್ಳಬೇಕಾದೀತು. ಹೋಗುವುದಾದರೆ ಅರ್ಧ ದಿನ ಮೀಸಲಿಡಿ, ಮಧ್ಯಾಹ್ನದ ಊಟದ ನಡುವೆ ತುರುಕಬೇಡಿ.

ಗ್ರೈನ್ ಪುಟ್ಟ ಊರು, ರಾತ್ರಿ ತಂಗಲು ಚೆಂದ. ಅಲ್ಲಿನ 1791ರ ರಂಗಮಂದಿರದಲ್ಲಿ ಬೀಗ ಹಾಕಬಹುದಾದ ಕುರ್ಚಿಗಳಿವೆ, ಪರದೆಯ ಮರೆಯ ಶೌಚಾಲಯವಿದೆ. ಅದರಲ್ಲಿ ಕೂತವರು ನಾಟಕ ತಪ್ಪಿಸಿಕೊಳ್ಳಬೇಕಾಗಿರಲಿಲ್ಲ. ಗ್ರೈನ್‌ನಿಂದ ಇಬ್ಸ್‌ವರೆಗೆ ಹೊಳೆ ಮತ್ತೆ ಇಕ್ಕಟ್ಟು ಕಣಿವೆಗೆ ನುಗ್ಗುತ್ತದೆ. ಇಲ್ಲಿ ಉತ್ತರ ದಂಡೆಯಲ್ಲಿ ದೊಡ್ಡ ರಸ್ತೆ, ದಕ್ಷಿಣದಲ್ಲಿ ಖಾಲಿ ಹಳ್ಳಿರಸ್ತೆ. ದೋಣಿ ಓಡುತ್ತಿದ್ದರೆ ಗ್ರೈನ್‌ನಲ್ಲೇ ದಾಟಿ, ಇಲ್ಲದಿದ್ದರೆ ಊರಿಗೆ ಬರುವ ಮೊದಲೇ ಸಿಗುವ ಸೇತುವೆ ಬಿಡಬೇಡಿ. ಬಿಟ್ಟರೆ ಹಿಂದಕ್ಕೆ ಬರಬೇಕಾಗುತ್ತದೆ. ಇಬ್ಸ್‌ನಿಂದ ಮೆಲ್ಕ್‌ವರೆಗೆ ಯಾವ ದಂಡೆಯಾದರೂ ಸರಿ.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ಸುಮಾರು 36 ಕಿ.ಮೀ. ವಾಖಾವ್ ಕಣಿವೆ, 2000ದಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಇದನ್ನು ಒಂದೇ ದಿನದಲ್ಲಿ ಮುಗಿಸುವ ಪ್ಯಾಕೇಜುಗಳು ಅನ್ಯಾಯ ಮಾಡುತ್ತವೆ. ಸಾಲದ್ದಕ್ಕೆ ಹೆಚ್ಚಿನವರನ್ನು ಉತ್ತರ ದಂಡೆಯಲ್ಲೇ ಕಳಿಸುತ್ತಾರೆ. ಹೀಗೆ ಮಾಡಿ: ಮೆಲ್ಕ್‌ನಲ್ಲಿ ಕ್ರೈಸ್ತ ಮಠ ನೋಡಿಕೊಂಡು ದಕ್ಷಿಣ ದಂಡೆ ಹಿಡಿಯಿರಿ. ಮಠ 1089ರಷ್ಟು ಹಳೆಯದು, ಈಗಿನ ಹಳದಿ ಕಟ್ಟಡ 1702ರ ನಂತರದ್ದು. ಆಗ್‌ಸ್ಟೈನ್ ಪಾಳುಕೋಟೆಯ ಕೆಳಗಿನಿಂದ ಆರ್ನ್ಸ್‌ಡಾರ್ಫ್‌ವರೆಗೆ ಏಪ್ರಿಕಾಟ್ ತೋಟಗಳ ನಡುವೆ ಜನಸಂದಣಿಯಿಲ್ಲ. ಅಲ್ಲಿಂದ ಹಗ್ಗದ ದೋಣಿಯಲ್ಲಿ ಸ್ಪಿಟ್ಸ್‌ಗೆ ದಾಟಿದರೆ ಉತ್ತರ ದಂಡೆಯ ಒಳ್ಳೆಯ ಭಾಗ ಶುರುವಾಗುತ್ತದೆ. ಕಲ್ಲಿನ ಮೆಟ್ಟಿಲುಗಟ್ಟೆಗಳ ಮೇಲೆ ದ್ರಾಕ್ಷಿ, ಕೆಳಗೆ ಒಂದಕ್ಕೊಂದು ಕೈಚಾಚುವಷ್ಟು ಹತ್ತಿರದ ಹಳ್ಳಿಗಳು. ದಾರಿ ಆ ಹಳ್ಳಿಗಳ ಓಣಿಗಳೊಳಗೇ ನುಸುಳುತ್ತದೆ. ಹಾಸುಗಲ್ಲಿನ ಮೇಲೆ ಟಯರಿನ ಗಾಳಿ ಜಾಸ್ತಿಯಿದ್ದರೆ ಹಲ್ಲು ಕಟಕಟಿಸುತ್ತದೆ, ವಾಖಾವ್‌ಗೆ ಮುನ್ನ ಅರ್ಧ ಬಾರ್ ಇಳಿಸಿಕೊಂಡರೆ ಒಳ್ಳೆಯದು.

ದಕ್ಷಿಣದಿಂದ ಬಂದವರಿಗೆ ವಿಲೆನ್‌ಡಾರ್ಫ್ ತಪ್ಪಿಹೋಗುತ್ತದೆ. 1908ರಲ್ಲಿ ಅಲ್ಲಿ ಸಿಕ್ಕ ಸುಣ್ಣಕಲ್ಲಿನ ಹೆಣ್ಣಿನ ಮೂರ್ತಿ 11 ಸೆಂ.ಮೀ. ಎತ್ತರದ್ದು, ಸುಮಾರು 30,000 ವರ್ಷ ಹಳೆಯದು. ಮೂಲ ಮೂರ್ತಿ ವಿಯೆನ್ನಾದ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿದೆ, ಹಾಗಾಗಿ ಸ್ಪಿಟ್ಸ್‌ನಿಂದ ಹಿಂದಕ್ಕೆ ಹೋಗುವಷ್ಟು ನಷ್ಟವೇನಿಲ್ಲ. ಡ್ಯುರ್ನ್‌ಸ್ಟೈನ್‌ನಲ್ಲಿ ಮಾತ್ರ ಸೈಕಲ್ಲಿನಿಂದ ಇಳಿಯಲೇಬೇಕು. ಕಾರುಗಳು ಊರ ಕೆಳಗಿನ ಸುರಂಗದಲ್ಲಿ ಹೋಗುತ್ತವೆ, ಆದರೆ ಹಡಗಿನಿಂದ ಇಳಿದ ಪ್ರವಾಸಿಗರು ಬೀದಿ ತುಂಬಿರುತ್ತಾರೆ. ಬೆಳಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ಮೇಲೆ ಹೋದರೆ ಊರು ನಿಮ್ಮದು. 1192–93ರ ಚಳಿಗಾಲದಲ್ಲಿ ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು ಸೆರೆಯಲ್ಲಿಟ್ಟ ಕೋಟೆ ಮೇಲಿದೆ.

ಊಟದ ಮಾತು. ವಾಖಾವ್‌ನಲ್ಲಿ ದ್ರಾಕ್ಷಿ ಬೆಳೆಗಾರರು ವರ್ಷದಲ್ಲಿ ಕೆಲವು ವಾರ ಮನೆಯಂಗಳದಲ್ಲೇ ತಮ್ಮ ವೈನ್, ಜೊತೆಗೆ ತಣ್ಣಗಿನ ತಿಂಡಿ ಬಡಿಸುತ್ತಾರೆ. ಹಸಿರು ಟೊಂಗೆಯ ಗೊಂಚಲು ಬಾಗಿಲಿಗೆ ತೂಗಿದ್ದರೆ ತೆರೆದಿದೆ ಎಂದರ್ಥ. ನಮ್ಮ ತೋರಣದ ದೂರದ ನೆಂಟ ಅನ್ನಿ. ಕುಡಿಯುವವರಿಗೆ: ಇಲ್ಲಿನ ವೈನುಗಳಲ್ಲಿ ಮೂರು ದರ್ಜೆ. ಸ್ಟೈನ್‌ಫೆಡರ್ ಹಗುರ, 11.5% ಮೀರದು. ಫೆಡರ್‌ಷ್ಪೀಲ್ ನಡುವಿನದು, ಸ್ಮಾರಾಗ್ಡ್ ಬಲವಾದದ್ದು. ಮಧ್ಯಾಹ್ನಕ್ಕೆ ಮೊದಲನೆಯದು ಸಾಕು. ಆಸ್ಟ್ರಿಯಾದಲ್ಲಿ ಸೈಕಲ್ ಸವಾರರಿಗೂ ರಕ್ತದಲ್ಲಿ ಮದ್ಯದ ಮಿತಿ ಇದೆ, ಸಾವಿರಕ್ಕೆ 0.8. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಎಚ್ಚರ ಬೇಕು. ದೋಸೆಯಂಥ ಚೂರುಗಳು ತೇಲುವ ತಿಳಿಸಾರು ನೋಡಲು ಸಾಧುವಾಗಿದ್ದರೂ ಅದು ದನದ ಮಾಂಸದ ಸಾರು. ಚೀಸ್ ಹಾಕಿದ ಷ್ಪೆಟ್ಸ್‌ಲೆ (ಹಿಟ್ಟಿನ ಬೇಯಿಸಿದ ಸಣ್ಣ ತುಣುಕುಗಳು) ಕೇಳಿ, ಹಂದಿಯ ಚೂರು ಬೇಡ ಎಂದು ಸೇರಿಸಿ ಹೇಳಿ. ಇಡೀ ಏಪ್ರಿಕಾಟನ್ನು ಹಿಟ್ಟಿನೊಳಗಿಟ್ಟು ಬೇಯಿಸಿ, ಹುರಿದ ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸುವ ಮಾರಿಲೆನ್ ಕ್ನೋಡೆಲ್ ಮಾತ್ರ ಬಿಡಬೇಡಿ. ನಮ್ಮ ಸಿಹಿ ಕಡುಬು ತಿಂದ ನಾಲಿಗೆಗೆ ಪರಿಚಯ ಬೇಕಾಗುವುದಿಲ್ಲ. ಹಣ್ಣಿನ ಕಾಲ ಜುಲೈ, ಆಗ ದಾರಿ ಬದಿಯಲ್ಲೇ ಬುಟ್ಟಿ ಇಟ್ಟು ಮಾರುತ್ತಾರೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಬ್ರೆಡ್ಡು, ಹಣ್ಣು ಕಟ್ಟಿಕೊಳ್ಳಿ. ಹಳ್ಳಿಯ ಹೋಟೆಲುಗಳಿಗೆ ವಾರದಲ್ಲಿ ಒಂದೆರಡು ದಿನ ರಜೆ ಬೇರೆ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು.

ಪ್ಯಾಕೇಜು ಬೇಕೇ? ಬ್ಯಾಗನ್ನು ಹೋಟೆಲಿಂದ ಹೋಟೆಲಿಗೆ ವ್ಯಾನಿನಲ್ಲಿ ಸಾಗಿಸುವ ಸೇವೆಗೆ ದುಡ್ಡು ಕೊಡುವುದು ಸಾರ್ಥಕ, ಹಿರಿಯರು ಮಕ್ಕಳು ಇದ್ದರಂತೂ ಎರಡು ಮಾತಿಲ್ಲ. ಬೆಳಗ್ಗೆ ಎಂಟು, ಒಂಬತ್ತರೊಳಗೆ ಬ್ಯಾಗು ಕೆಳಗಿರಬೇಕು, ಸಾಮಾನ್ಯವಾಗಿ ಒಬ್ಬರಿಗೆ 20 ಕಿಲೋ ಒಂದೇ ಬ್ಯಾಗು. ಅಗ್ಗದ ದರ್ಜೆಯ ಪ್ಯಾಕೇಜುಗಳಲ್ಲಿ ಒಂದು ಕುತಂತ್ರ ಇರುತ್ತದೆ: ತಂಗುವ ಮನೆ ಊರಿನಿಂದ ಎರಡು ಮೂರು ಕಿ.ಮೀ. ಮೇಲೆ ಗುಡ್ಡದಲ್ಲಿ. ದಿನವಿಡೀ ಸಮತಟ್ಟು ತುಳಿದು ಸಂಜೆ ಆರಕ್ಕೆ ಹತ್ತುವ ಆ ಏರು ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಬುಕ್ ಮಾಡುವ ಮೊದಲು ಹೋಟೆಲಿನ ವಿಳಾಸ ಕೇಳಿ, ಹೊಳೆಯಿಂದ ಎಷ್ಟು ಎತ್ತರ ಎಂದು ಭೂಪಟದಲ್ಲಿ ನೋಡಿ. ದಿನಕ್ಕೆ 45ರಿಂದ 55 ಕಿ.ಮೀ. ಎಂದುಕೊಂಡು ಏಳು ದಿನ ಇಟ್ಟುಕೊಂಡರೆ ಅವಸರವಿಲ್ಲ.

ಜೋರು ಮಳೆಯಾಗಿ ನೆರೆ ಬಂದರೆ ತಗ್ಗಿನ ದಾರಿ ಮುಳುಗುತ್ತದೆ. ನೀರಿಳಿದ ಮೇಲೂ ನುಣ್ಣನೆಯ ಕೆಸರು ಉಳಿದು ಸೋಪಿನಂತೆ ಜಾರುತ್ತದೆ. 2024ರ ಸೆಪ್ಟೆಂಬರ್ ನೆರೆ ಕ್ರೆಮ್ಸ್‌ನಿಂದ ವಿಯೆನ್ನಾ ಕಡೆಯ ಸೀಮೆಯನ್ನು ಚೆನ್ನಾಗಿಯೇ ಕಾಡಿತು. ಬ್ಯಾರಿಕೇಡ್ ಪಕ್ಕದಿಂದ ನುಸುಳುವ ನಮ್ಮ ಬುದ್ಧಿ ಇಲ್ಲಿ ಬೇಡ. ಆಚೆ ದಂಡೆಗೆ ದಾಟುವ ಅಣೆಕಟ್ಟು, ಸೇತುವೆ ಎಲ್ಲಿದೆ ಎಂದು ಮೊದಲೇ ಗುರುತು ಹಾಕಿಕೊಂಡಿರಿ.

ಕ್ರೆಮ್ಸ್ ನಂತರ ದಾರಿ ಸಪ್ಪೆ. ನೇರ ಏರಿ, ಎರಡೂ ಕಡೆ ಮರ, ಗಂಟೆಗಟ್ಟಲೆ ಅದೇ. ನಡುವೆ ಸ್ವೆಂಟೆನ್‌ಡಾರ್ಫ್‌ನಲ್ಲಿ ಒಂದು ವಿಚಿತ್ರ ಕಟ್ಟಡ: ಪೂರ್ತಿ ಕಟ್ಟಿ ಮುಗಿಸಿದ ಪರಮಾಣು ವಿದ್ಯುತ್ ಸ್ಥಾವರ, 1978ರ ಜನಮತದಲ್ಲಿ 50.47% ಮಂದಿ ಬೇಡವೆಂದದ್ದರಿಂದ ಒಂದು ದಿನವೂ ನಡೆಯಲಿಲ್ಲ. ಅದನ್ನು ನೋಡುವ ಆಸೆಯಿಲ್ಲದಿದ್ದರೆ, ದಿನ ಕಡಿಮೆಯಿದ್ದರೆ, ಕ್ರೆಮ್ಸ್‌ನಲ್ಲೇ ರೈಲು ಹತ್ತಿ, ಸುಮಾರು ಒಂದು ಗಂಟೆಯಲ್ಲಿ ವಿಯೆನ್ನಾ. ಉಳಿಸಿದ ದಿನವನ್ನು ವಾಖಾವ್‌ಗೆ ಕೊಡಿ. ತುಳಿದೇ ಬರುವವರಿಗೆ ನಗರದ ಪ್ರವೇಶ ಸುಲಭ: ಕ್ಲೋಸ್ಟರ್‌ನ್ಯೂಬರ್ಗ್ ದಾಟಿ ಡ್ಯಾನ್ಯೂಬ್ ಕಾಲುವೆಯ ಅಂಚು ಹಿಡಿದರೆ ಸಿಗ್ನಲ್‌ಗಳ ಗೋಜಿಲ್ಲದೆ ನಡುವೂರಿಗೆ ಬರುತ್ತೀರಿ.

ವಾಪಸು ಪಾಸಾವ್‌ಗೆ ವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಸ್ವಂತ ಸೈಕಲ್ ತಂದವರು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ಆ ರೈಲುಗಳಲ್ಲಿ ಸೈಕಲ್ಲಿಗೆ ಇರುವ ಜಾಗ ಬೆರಳೆಣಿಕೆಯಷ್ಟು, ಮುಂಗಡ ಕಾಯ್ದಿರಿಸದೆ ಹತ್ತಿಸುವುದಿಲ್ಲ, ಬೇಸಿಗೆಯ ವಾರಾಂತ್ಯದವು ವಾರಗಳ ಮೊದಲೇ ಮುಗಿದಿರುತ್ತವೆ. ಹೊರಡುವ ಟಿಕೆಟ್ಟಿಗಿಂತ ಮೊದಲು ಮರಳುವ ಟಿಕೆಟ್ ತೆಗೆಯಿರಿ. ಅದೂ ಸಿಗದಿದ್ದರೆ ಲಿಂಟ್ಸ್ ಅಥವಾ ವೆಲ್ಸ್‌ನಲ್ಲಿ ಬದಲಿಸುತ್ತಾ ಪ್ರಾದೇಶಿಕ ರೈಲುಗಳಲ್ಲಿ ಹೋಗಬಹುದು. ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಬಾಗಿಲು ಅಗಲ, ಸೈಕಲ್ ಎತ್ತಿ ಕೊಕ್ಕೆಗೆ ನೇತುಹಾಕುವ ಕಸರತ್ತೂ ಇಲ್ಲ.